ಸ್ಟೇರಿಂಗ್ ಲೂಸ್ ಆಗಿದೆಯಾ? ರ್ಯಾಕ್ ಬಿಚ್ಚಿಸೋಕೆ ಮುಂಚೆ ಇಷ್ಟು ನೋಡಿ

ಮೂರು ಮಳೆಗಾಲದ ಹಿಂದೆ ಕೊಡಗಿನ ಸಂಪಾಜೆ ಘಾಟಿ ಇಳಿಯುತ್ತಿದ್ದೆ. ಒಂದು ತಿರುವಿನಲ್ಲಿ ನಾನು ಸ್ಟೇರಿಂಗ್ ತಿರುಗಿಸಿದ್ದು ಮೊದಲು, ಕಾರು ತಿರುಗಿದ್ದು ಆಮೇಲೆ. ಮಧ್ಯೆ ಒಂದು ಸಣ್ಣ ಖಾಲಿ ಜಾಗ. ಎದುರಿಗೆ ಲಾರಿ ಇತ್ತು, ಏನೂ ಆಗಲಿಲ್ಲ. ಆದರೆ ಆ ಖಾಲಿ ಜಾಗ ಕೈಗೆ ಗೊತ್ತಾಗಿಬಿಟ್ಟಿತು.

ಮರುದಿನ ಒಂದು ಗ್ಯಾರೇಜಿಗೆ ಒಯ್ದೆ. ಅವರು ಸ್ಟೇರಿಂಗ್ ಹಿಡಿದು ಎರಡು ಸಲ ಅಲ್ಲಾಡಿಸಿ, "ರ್ಯಾಕ್ ಹೋಗಿದೆ ಸಾರ್, ಫುಲ್ ಹಾಕ್ಬೇಕು" ಅಂದರು. ರ್ಯಾಕ್ ಅಂದರೆ ಸ್ಟೇರಿಂಗ್ ತಿರುಗಿದ್ದನ್ನು ಎಡಬಲ ಚಲನೆ ಮಾಡಿ ಚಕ್ರಗಳಿಗೆ ಮುಟ್ಟಿಸುವ ಹಲ್ಲಿನ ಉದ್ದ ಕಂಬಿ. ಅವರು ಕಾರಿನ ಅಡಿಗೆ ಬಗ್ಗಿ ಕೂಡ ನೋಡಲಿಲ್ಲ. ಹಾಕಿಸಿದೆ. ಹಲವು ಸಾವಿರ ಹೋಯಿತು. ಮನೆಗೆ ಬರುವಷ್ಟರಲ್ಲಿ ಗೊತ್ತಾಯಿತು, ಆ ಖಾಲಿ ಜಾಗ, ಅಂದರೆ ಆಟ, ಹಾಗೇ ಇದೆ. ಅವರು ಹೊಸ ರ್ಯಾಕಿಗೆ ನನ್ನ ಹಳೇ ಟೈ ರಾಡ್ ಎಂಡ್‌ಗಳನ್ನೇ, ಅಂದರೆ ರ್ಯಾಕಿನಿಂದ ಬರುವ ರಾಡನ್ನು ಚಕ್ರದ ಕಡೆ ಸೇರಿಸುವ ಜಾಯಿಂಟ್‌ಗಳನ್ನೇ, ತಿರುಗಿಸಿ ಕೊಟ್ಟಿದ್ದರು. ಹಾಳಾಗಿದ್ದು ಎಡಗಡೆಯ ಆ ಒಂದು ಎಂಡ್ ಮಾತ್ರ. ಅದರ ಬೆಲೆ ಕೆಲವು ನೂರು ರೂಪಾಯಿ.

ಅಂದಿನಿಂದ ನನ್ನದು ಒಂದೇ ಹಟ. ಆಟ ಎಲ್ಲಿದೆ ಅಂತ ಕಣ್ಣಿಗೆ ಕಂಡು ಕೈಗೆ ಸಿಗುವ ತನಕ ಒಂದು ಬೋಲ್ಟನ್ನೂ ಬಿಚ್ಚಿಸಬಾರದು. ಇದು ಮಾರುತಿ 800, ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ ತರಹದ ಮುಂದಿನ ಚಕ್ರ ಎಳೆಯುವ ಎಲ್ಲ ಸಣ್ಣ ಕಾರುಗಳಿಗೂ ಹೆಚ್ಚುಕಡಿಮೆ ಒಂದೇ.

ಲೂಸ್ ಅಂದರೆ ಯಾವ ಲೂಸ್?

ಎಲ್ಲರೂ "ಸ್ಟೇರಿಂಗ್ ಲೂಸ್" ಅಂತಲೇ ಹೇಳುತ್ತಾರೆ. ಆದರೆ ಒಳಗೆ ಮೂರು ಬೇರೆ ಬೇರೆ ಕಾಯಿಲೆ ಇರುತ್ತವೆ.

ಮೊದಲನೆಯದು ನಿಜವಾದ ಆಟ, ಮೆಕ್ಯಾನಿಕ್‌ಗಳು ಪ್ಲೇ ಅನ್ನುವುದು. ಸ್ಟೇರಿಂಗ್ ಸ್ವಲ್ಪ ದೂರ ತಿರುಗುತ್ತದೆ, ಚಕ್ರ ಅಲ್ಲೇ ಇರುತ್ತದೆ. ಎರಡನೆಯದು ತೇಲಾಟ. ಕುಶಾಲನಗರದ ಕಡೆ ನೇರ ರಸ್ತೆ ಸಿಕ್ಕಿ ಎಪ್ಪತ್ತು ಎಂಬತ್ತರಲ್ಲಿ ಹೋಗುವಾಗ ಕಾರು ಅತ್ತಿತ್ತ ಅಲೆಯುತ್ತದೆ, ನೀವು ತಿದ್ದುತ್ತಲೇ ಇರಬೇಕು. ಮೂರನೆಯದು ಎಳೆತ. ಬ್ರೇಕ್ ಹಿಡಿದರೆ ಒಂದು ಕಡೆ, ಆಕ್ಸಿಲರೇಟರ್ ಕೊಟ್ಟರೆ ಇನ್ನೊಂದು ಕಡೆ. ಆಟಕ್ಕೆ ಸಾಮಾನ್ಯವಾಗಿ ಜಾಯಿಂಟ್‌ಗಳು ಕಾರಣ. ತೇಲಾಟಕ್ಕೆ ಟಯರ್ ಮತ್ತು ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಂತ ಕೋನ. ಬ್ರೇಕ್ ಹಿಡಿದಾಗಿನ ಎಳೆತಕ್ಕೆ ಚಕ್ರವನ್ನು ಕೆಳಗಿನಿಂದ ಕಾರಿಗೆ ಹಿಡಿದಿಡುವ ಲೋವರ್ ಆರ್ಮಿನ ರಬ್ಬರ್ ಬುಷ್, ಇಲ್ಲವೇ ಬ್ರೇಕ್.

ಇನ್ನೊಂದು ವಿಷಯ. ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್ ಇರುವ ಕಾರಿನಲ್ಲಿ ಸ್ಟೇರಿಂಗ್ ಹಗುರ ಇರುವುದೇ ಸರಿ. ಹಳೇ ಜೀಪ್ ಓಡಿಸಿ ಬಂದವರಿಗೆ ಅದು ಲೂಸ್ ಅನಿಸುತ್ತದೆ. ಅದು ರೋಗ ಅಲ್ಲ.

ಬಗ್ಗದೆ ನೋಡುವ ಕೆಲಸ

ಮೊದಲು ಗಾಳಿ. ಬೆಳಿಗ್ಗೆ ಕಾರು ಓಡಿಸುವ ಮುಂಚೆ, ಟಯರ್ ತಣ್ಣಗಿದ್ದಾಗ ಅಳೆಯಿರಿ. ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರ್ ಮೇಲೆ ಬರೆದಿರುತ್ತದೆ. ಮುಂದಿನ ಟಯರಿನಲ್ಲಿ ಗಾಳಿ ಕಮ್ಮಿ ಇದ್ದರೆ ಅದರ ಪಕ್ಕ ಮೆತ್ತಗಾಗಿ ಬಾಗುತ್ತದೆ. ಸ್ಟೇರಿಂಗ್ ತಿರುಗಿಸಿದ್ದು ರಸ್ತೆಗೆ ಮುಟ್ಟುವುದು ತಡವಾಗುತ್ತದೆ. ಅರ್ಧ ಜನರ ಲೂಸ್ ಸ್ಟೇರಿಂಗ್ ಪಂಕ್ಚರ್ ಅಂಗಡಿಯಲ್ಲೇ ಸರಿಹೋಗುತ್ತದೆ ಅಂತ ನನ್ನ ಅಂದಾಜು.

ಆಮೇಲೆ ಡಿಕ್ಕಿ ನೋಡಿ. ನಗಬೇಡಿ. ಕಾಫಿ ಕೊಯ್ಲಿನ ಸಮಯದಲ್ಲಿ ಹಿಂದೆ ಎರಡು ಮೂಟೆ ಚೆರಿ, ಮೇಲೆ ಇಬ್ಬರು ಆಳುಗಳು. ಹಿಂಭಾಗ ಕೂತು ಮುಂಭಾಗ ಎದ್ದಾಗ ಮುಂದಿನ ಚಕ್ರಗಳ ಮೇಲೆ ಭಾರ ಕಮ್ಮಿಯಾಗುತ್ತದೆ. ಸ್ಟೇರಿಂಗ್ ತೇಲಿದ ಹಾಗೆ ಆಗುತ್ತದೆ. ಮೂಟೆ ಇಳಿಸಿ ಒಮ್ಮೆ ಓಡಿಸಿ ನೋಡಿ.

ವೀಲ್ ನಟ್‌ಗಳನ್ನು ಪಾನಾ ಹಾಕಿ ಒಂದೊಂದಾಗಿ ನೋಡಿ. ಸ್ಟೆಪ್ನಿ ಬದಲಿಸಿ ಬಿಗಿಯಲು ಮರೆತಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಕೊನೆಗೆ ಅಂಗೈಯನ್ನು ಮುಂದಿನ ಟಯರಿನ ಮೇಲೆ ಅಡ್ಡಡ್ಡ ಸವರಿ. ಒಳಗಿನಿಂದ ಹೊರಗೆ ಒಮ್ಮೆ, ಹೊರಗಿನಿಂದ ಒಳಗೆ ಒಮ್ಮೆ. ಒಂದು ಕಡೆಗೆ ನುಣ್ಣಗೆ, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಹಾಗೆ ಚುಚ್ಚಿದರೆ ಚಕ್ರಗಳು ನೇರ ಓಡುತ್ತಿಲ್ಲ ಅಂತ ಅರ್ಥ. ಅಲೈನ್‌ಮೆಂಟ್ ತಪ್ಪಿದೆ, ಅಥವಾ ಯಾವುದೋ ಜಾಯಿಂಟ್ ಆಡುತ್ತಿರುವುದರಿಂದ ತಪ್ಪುತ್ತಿದೆ. ಎರಡನೆಯದಾದರೆ ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ಸುಮ್ನೆ ದುಡ್ಡು ದಂಡ.

ಆಟ ಅಳೆಯುವುದು

ಸಮತಟ್ಟು ಜಾಗ ಬೇಕು. ನಮ್ಮ ಕಡೆ ಅದೇ ಕಷ್ಟ, ಅಲ್ವಾ? ಮನೆ ಮುಂದೆ ನಿಲ್ಲಿಸಿದರೆ ಒಂದು ಚಕ್ರ ಮೇಲೆ, ಒಂದು ಕೆಳಗೆ. ನಾನು ಕಾಫಿ ಒಣಗಿಸುವ ಕಣದಲ್ಲಿ ಮಾಡುತ್ತೇನೆ. ಸಿಮೆಂಟ್ ನೆಲ, ಸಮತಟ್ಟು, ಬಿದ್ದ ಸ್ಪ್ಲಿಟ್ ಪಿನ್ (ನಟ್ ಕಳಚದ ಹಾಗೆ ತಡೆಯುವ ಸಣ್ಣ ಪಿನ್) ಕೂಡ ಕಾಣುತ್ತದೆ. ಡಿಸೆಂಬರ್ ಬಂದರೆ ಕಣ ತುಂಬ ಕಾಫಿ, ಆಮೇಲೆ ಮಾರ್ಚ್ ತನಕ ಕಾರಿಗೆ ಜಾಗ ಇಲ್ಲ. ಆದ್ದರಿಂದ ಮಳೆ ನಿಂತು ಕೊಯ್ಲು ಶುರುವಾಗುವ ನಡುವೆ ಈ ಕೆಲಸ ಮುಗಿಸಿಕೊಳ್ಳಿ.

ಚಕ್ರ ನೇರ ಇಟ್ಟು ನಿಲ್ಲಿಸಿ. ಸ್ಟೇರಿಂಗಿನ ಹೊರ ಅಂಚಿಗೆ ಒಂದು ಬಿಳಿ ದಾರ ಕಟ್ಟಿ. ಡ್ಯಾಶ್‌ಬೋರ್ಡಿಗೆ ಒಂದು ಸ್ಕೇಲ್ ಅಂಟಿಸಿ. ಬೆರಳ ತುದಿಯಿಂದ ಎಡಕ್ಕೆ ತಿರುಗಿಸಿ, ಚಕ್ರ ಅಲುಗುವ ಕ್ಷಣಕ್ಕೆ ನಿಲ್ಲಿಸಿ. ಆಮೇಲೆ ಬಲಕ್ಕೆ. ಈ ಎರಡರ ನಡುವಿನ ದೂರವೇ ಆಟ. ಹಲವು ಸಣ್ಣ ಕಾರುಗಳ ಸರ್ವಿಸ್ ಪುಸ್ತಕದಲ್ಲಿ 30 ಮಿಲಿಮೀಟರ್ ತನಕ ಪರವಾಗಿಲ್ಲ ಅಂತ ಇದೆ. ಚೆನ್ನಾಗಿರುವ ಕಾರಿನಲ್ಲಿ ಅದಕ್ಕಿಂತ ತುಂಬಾ ಕಮ್ಮಿ ಇರುತ್ತದೆ.

ಪವರ್ ಸ್ಟೇರಿಂಗ್ ಇದ್ದರೆ ಇಂಜಿನ್ ಸ್ಟಾರ್ಟ್ ಮಾಡಿಯೇ ಅಳೆಯಿರಿ. ಆಫ್ ಇದ್ದಾಗ ಒಳಗಿನ ಟಾರ್ಷನ್ ಬಾರ್ ಅನ್ನುವ ಸಣ್ಣ ಕಂಬಿ ಸ್ವಲ್ಪ ತಿರುಚಿಕೊಳ್ಳುತ್ತದೆ, ಅದೂ ಆಟದ ಹಾಗೇ ಕಾಣುತ್ತದೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಬೇಕು.

ಒಬ್ಬ ಒಳಗೆ, ಒಬ್ಬ ಅಡಿಯಲ್ಲಿ

ಇದೇ ಮುಖ್ಯ ಪರೀಕ್ಷೆ. ಹತ್ತು ನಿಮಿಷದ ಕೆಲಸ. ಜಾಕಿ ಬೇಡ. ಕಾರಿನ ಭಾರ ಚಕ್ರಗಳ ಮೇಲೆಯೇ ಇರಬೇಕು, ಆಗಲೇ ಸವೆದ ಜಾಯಿಂಟ್ ತಾನಾಗಿ ಮಾತಾಡುವುದು. ಇಳಿಜಾರಿನಲ್ಲಿ ಮಾತ್ರ ಬೇಡವೇ ಬೇಡ. ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು ಕೊಡಿ.

ನನ್ನ ಅಕ್ಕನ ಮಗ ಒಳಗೆ ಕೂತು ಸ್ಟೇರಿಂಗನ್ನು ಎಡಕ್ಕೊಂದು ಬಲಕ್ಕೊಂದು, ಗಡಿಯಾರದಲ್ಲಿ ಹನ್ನೊಂದರಿಂದ ಒಂದರವರೆಗೆ, ಬೇಗ ಬೇಗ ಅಲ್ಲಾಡಿಸುತ್ತಾನೆ. ನಾನು ಗೋಣಿಚೀಲ ಹಾಸಿ ಮುಂಭಾಗದ ಅಡಿಗೆ ತಲೆ ಹಾಕುತ್ತೇನೆ. ಮಳೆಗಾಲದಲ್ಲಿ ಮಾಡುವುದಾದರೆ ಮೊದಲು ಕಾಲಿಗೆ ಜಿಗಣೆ ಹತ್ತಿಲ್ಲ ತಾನೇ ಅಂತ ನೋಡಿಕೊಳ್ಳಿ. ಅಡಿಯಲ್ಲಿ ಮಲಗಿದಾಗ ಕೀಳೋಕೆ ಆಗಲ್ಲ. ಇಂಜಿನ್ ಓಡುತ್ತಿದ್ದರೆ ಫ್ಯಾನ್ ಮತ್ತು ಬೆಲ್ಟಿನ ಹತ್ತಿರ ಕೈ ಹೋಗಬಾರದು.

ಈಗ ಸ್ಟೇರಿಂಗಿನಿಂದ ಚಕ್ರದ ತನಕ, ಮೇಲಿನಿಂದ ಕೆಳಗೆ, ಒಂದೊಂದೇ ಜಾಗ ನೋಡುತ್ತಾ ಬನ್ನಿ. ಪ್ರತಿ ಜಾಗದಲ್ಲೂ ಪ್ರಶ್ನೆ ಒಂದೇ. ಈ ಕಡೆ ಅಲ್ಲಾಡಿದ ತಕ್ಷಣ ಆ ಕಡೆ ಅಲ್ಲಾಡಿತಾ?

ಮೊದಲು ಪೆಡಲ್‌ಗಳ ಮೇಲೆ, ಸ್ಟೇರಿಂಗ್ ಕಂಬಿ ನೆಲದೊಳಗೆ ಇಳಿಯುವ ಜಾಗ. ಅಲ್ಲಿ ಯೂನಿವರ್ಸಲ್ ಜಾಯಿಂಟ್ ಇದೆ. ಟಾರ್ಚ್ ಬಿಟ್ಟು ಬೆರಳಿಟ್ಟು ನೋಡಿ. ಮೇಲಿನ ಶಾಫ್ಟ್ ತಿರುಗಿ ಕೆಳಗಿನದು ತಡವಾಗಿ ತಿರುಗಿದರೆ ಜಾಯಿಂಟ್ ಸವೆದಿದೆ, ಇಲ್ಲವೇ ಅದನ್ನು ಬಿಗಿದ ಬೋಲ್ಟ್ ಸಡಿಲ ಆಗಿದೆ. ಎರಡನೆಯದಾದರೆ ಖರ್ಚು ಸೊನ್ನೆ, ಒಂದು ಸ್ಪ್ಯಾನರ್ ಸಾಕು. ಆದರೆ ಆ ಬೋಲ್ಟ್ ಯಾಕೆ ಸಡಿಲ ಆಯಿತು ಅಂತ ಬಿಚ್ಚಿ ನೋಡಿ. ಶಾಫ್ಟಿನ ಹಲ್ಲು ಸವೆದಿದ್ದರೆ ಬಿಗಿದರೆ ನಿಲ್ಲುವುದಿಲ್ಲ.

ಎರಡನೆಯದು, ರ್ಯಾಕ್ ಕೂತ ಜಾಗ. ಇಂಜಿನ್ ಹಿಂದೆ ಅಡ್ಡಕ್ಕೆ ಉದ್ದನೆಯ ಕೊಳವೆ. ಸ್ಟೇರಿಂಗ್ ಅಲ್ಲಾಡಿದಾಗ ಆ ಕೊಳವೆಯೇ ಎಡಬಲ ಜಾರುತ್ತಿದ್ದರೆ ಅದನ್ನು ಹಿಡಿದ ಕ್ಲ್ಯಾಂಪ್ ಬೋಲ್ಟ್ ಅಥವಾ ರಬ್ಬರ್ ಹೋಗಿದೆ. ರ್ಯಾಕ್ ಅಲ್ಲ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ.

ಮೂರನೆಯದು, ರ್ಯಾಕಿನ ಎರಡೂ ತುದಿಯ ಸುಕ್ಕು ಸುಕ್ಕಾದ ರಬ್ಬರ್ ಬೂಟ್. ಅದರೊಳಗೆ ರ್ಯಾಕ್ ಎಂಡ್ ಅನ್ನುವ ಒಂದು ಬಾಲ್ ಜಾಯಿಂಟ್ ಇದೆ. ಬೂಟನ್ನು ಬೆರಳಿನಿಂದ ಹಿಂಡಿ ಒಳಗಿನ ಗುಂಡನ್ನು ಹಿಡಿದುಕೊಳ್ಳಿ. ಸ್ಟೇರಿಂಗ್ ಅಲ್ಲಾಡಿದಾಗ ಟಕ್ ಟಕ್ ಅಂತ ಬೆರಳಿಗೆ ಬಡಿದರೆ ಅದೇ ಕಳ್ಳ. ಬೂಟ್ ಹರಿದಿದೆಯಾ ಅಂತಲೂ ನೋಡಿ. ತೋಟದ ರಸ್ತೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕೆಂಪು ಕೆಸರಿನಲ್ಲಿ ಓಡಾಡುವ ಕಾರು. ಒಂದು ಸಣ್ಣ ಬಿರುಕು ಸಾಕು. ನೀರು ಹೋಗಿ ಗ್ರೀಸ್ ತೊಳೆದು, ಕೆಸರು ಕೂತು ಒಂದೇ ಮಳೆಗಾಲದಲ್ಲಿ ರ್ಯಾಕನ್ನೇ ತಿಂದುಹಾಕುತ್ತದೆ.

ನಾಲ್ಕನೆಯದು ಟೈ ರಾಡ್ ಎಂಡ್. ರಾಡ್ ಬಂದು ಚಕ್ರದ ಹಿಂದಿನ ತೋಳಿಗೆ ಸೇರುವ ಜಾಗ. ರಾಡಿನ ಮೇಲೆ ಅರ್ಧ, ತೋಳಿನ ಮೇಲೆ ಅರ್ಧ ಬರುವ ಹಾಗೆ ಹೆಬ್ಬೆರಳು ಇಡಿ. ರಾಡ್ ಚಲಿಸಿ ತೋಳು ನಿಂತೇ ಇದ್ದರೆ ಕಣ್ಣಿಗಿಂತ ಮೊದಲು ಬೆರಳು ಹೇಳುತ್ತದೆ. ನನ್ನ ಕಾರಿನಲ್ಲಿ ಅಕ್ಕನ ಮಗ ಎರಡನೇ ಸಲ ಅಲ್ಲಾಡಿಸುವಷ್ಟರಲ್ಲಿ ಸಿಕ್ಕಿತು. "ಮಾಮ, ಇಷ್ಟೇನಾ?" ಅಂದ. ಇಷ್ಟೇ.

ಒಂದು ಚಕ್ರ ಎತ್ತಿ

ಮೇಲಿನದರಲ್ಲಿ ಏನೂ ಸಿಗದಿದ್ದರೆ ಜಾಕಿ ತೆಗೆಯಿರಿ. ಒಂದೇ ಮುಂಚಕ್ರ ಎತ್ತಿ. ಇನ್ನೊಂದು ನೆಲದ ಮೇಲಿದ್ದರೆ ಅದು ರ್ಯಾಕನ್ನು ಹಿಡಿದಿಟ್ಟುಕೊಳ್ಳುತ್ತದೆ, ನಿಮ್ಮ ಪರೀಕ್ಷೆ ಸರಿಯಾಗುತ್ತದೆ. ಎತ್ತಿದ ಮೇಲೆ ಸ್ಟ್ಯಾಂಡ್ ಕೊಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಅಡಿಗೆ ಹೋಗಲೇಬೇಡಿ. ಸಿಲ್ವರ್ ಓಕ್ ದಿಮ್ಮಿ ಇಡುವವರನ್ನು, ಜಂಬಿಟ್ಟಿಗೆ ಕಲ್ಲು ಜೋಡಿಸುವವರನ್ನು ನೋಡಿದ್ದೇನೆ. ದಿಮ್ಮಿ ಉರುಳುತ್ತದೆ, ಜಂಬಿಟ್ಟಿಗೆ ಇದ್ದಕ್ಕಿದ್ದಂತೆ ಒಡೆಯುತ್ತದೆ.

ಟಯರನ್ನು ಎಡ ಬಲಕ್ಕೆ, ಅಂದರೆ ಗಡಿಯಾರದ ಒಂಬತ್ತು ಮೂರರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಇಲ್ಲಿ ಮಾತ್ರ ಆಟ ಇದ್ದರೆ ಟೈ ರಾಡ್ ಎಂಡ್, ರ್ಯಾಕ್ ಎಂಡ್ ಅಥವಾ ರ್ಯಾಕ್. ಆಮೇಲೆ ಮೇಲೆ ಕೆಳಗೆ, ಹನ್ನೆರಡು ಆರರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಇಲ್ಲಿ ಆಡಿದರೆ ಲೋವರ್ ಆರ್ಮಿನ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಎರಡರಲ್ಲಿ ಯಾವುದು? ಒಳಗಿದ್ದವರಿಗೆ ಬ್ರೇಕ್ ಗಟ್ಟಿಯಾಗಿ ಒತ್ತಲು ಹೇಳಿ, ಮತ್ತೆ ಅಲ್ಲಾಡಿಸಿ. ಆಟ ನಿಂತುಹೋದರೆ ಬೇರಿಂಗ್. ಹಾಗೇ ಇದ್ದರೆ ಬಾಲ್ ಜಾಯಿಂಟ್.

ಲೋವರ್ ಆರ್ಮಿನ ಬುಷ್‌ಗಳಿಗೆ ದೊಡ್ಡ ಸ್ಕ್ರೂಡ್ರೈವರ್ ಸಿಕ್ಕಿಸಿ ಮೀಟಿ ನೋಡಿ. ರಬ್ಬರ್ ಸ್ವಲ್ಪ ಬಾಗುವುದು ಸಹಜ. ಬಿರುಕು ಬಾಯಿ ಬಿಟ್ಟರೆ, ಒಳಗಿನ ಕಬ್ಬಿಣದ ಕೊಳವೆ ಬಿಟ್ಟುಕೊಂಡು ಬಂದರೆ ಬದಲಿಸಬೇಕು.

ಯಾವಾಗ ಓಡಿಸಬಾರದು

ಬಾಲ್ ಜಾಯಿಂಟ್ ಅಥವಾ ಟೈ ರಾಡ್ ಎಂಡ್ ಕಣ್ಣಿಗೆ ಕಾಣುವಷ್ಟು ಎದ್ದು ಬೀಳುತ್ತಿದ್ದರೆ, ನಟ್ಟಿನ ಸ್ಪ್ಲಿಟ್ ಪಿನ್ ಇಲ್ಲದಿದ್ದರೆ, ಸ್ಟೇರಿಂಗ್ ಒಂದು ಕಡೆ ಸಿಕ್ಕಿಕೊಂಡು ಬಿಡುತ್ತಿದ್ದರೆ ಕಾರು ಅಲ್ಲೇ ನಿಲ್ಲಲಿ. ಟೈ ರಾಡ್ ಕಳಚಿದರೆ ಆ ಚಕ್ರ ತನ್ನಿಷ್ಟದ ಕಡೆ ತಿರುಗುತ್ತದೆ, ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಮಾಕುಟ್ಟ ಘಾಟಿಯಲ್ಲಿ ಹಾಗಾದರೆ ಏನಾದೀತು ಅಂತ ಬಿಡಿಸಿ ಹೇಳಬೇಕಿಲ್ಲ. ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ. ಪವರ್ ಸ್ಟೇರಿಂಗಿನ ದೀಪ ಉರಿಯುತ್ತಿದ್ದರೆ ಅದು ಬೇರೆಯೇ ದಾರಿ, ಸ್ಕ್ಯಾನರ್ ಹಾಕಿ ನೋಡುವವರ ಹತ್ತಿರ ಹೋಗಬೇಕು.

ಟೈ ರಾಡ್ ಎಂಡ್ ಬದಲಿಸುವುದು

ಮನೆಯಲ್ಲೇ ಮಾಡಬಹುದಾದ ಕೆಲಸ ಇದೊಂದು. ಸ್ಪ್ಯಾನರ್ ಹಿಡಿದು ಅಭ್ಯಾಸ ಇರಬೇಕು ಅಷ್ಟೇ. ಹಿಂದಿನ ರಾತ್ರಿಯೇ ವೈರ್ ಬ್ರಷ್‌ನಿಂದ ಕೆಸರು ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಡಿ. ನಮ್ಮ ಮಳೆ ಕುಡಿದ ನಟ್ ಒಂದೇ ಏಟಿಗೆ ಬಿಡುವುದಿಲ್ಲ.

ಕಾರು ನೆಲದ ಮೇಲಿದ್ದಾಗಲೇ ವೀಲ್ ನಟ್ ಸ್ವಲ್ಪ ಸಡಿಲ ಮಾಡಿ. ಆಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರ ತೆಗೆಯಿರಿ. ತೆಗೆದ ಚಕ್ರವನ್ನು ಕಾರಿನ ಅಡಿಗೆ ಮಲಗಿಸಿ. ಸ್ಟ್ಯಾಂಡ್ ಜಾರಿದರೂ ಅದು ತಡೆಯುತ್ತದೆ.

ಎಂಡನ್ನು ರಾಡಿಗೆ ಬಿಗಿದ ಲಾಕ್ ನಟ್ ಇರುತ್ತದೆ. ಅದನ್ನು ಕಾಲು ಸುತ್ತು ಮಾತ್ರ ಸಡಿಲಿಸಿ. ಜಾಸ್ತಿ ಬೇಡ, ಹೊಸ ಎಂಡ್ ಎಲ್ಲಿಯ ತನಕ ಹೋಗಬೇಕು ಅನ್ನುವುದಕ್ಕೆ ಅದೇ ಗುರುತು. ನಟ್ಟಿನ ಹಿಂದೆ ಪೇಂಟ್ ಅಥವಾ ನೇಲ್ ಪಾಲಿಶ್‌ನಿಂದ ಒಂದು ಗೆರೆಯನ್ನೂ ಹಾಕಿ.

ಚಕ್ರದ ತೋಳಿನ ಕಡೆ ಸ್ಪ್ಲಿಟ್ ಪಿನ್ ತೆಗೆದು ನಟ್ ಸಡಿಲಿಸಿ. ಪೂರ್ತಿ ತೆಗೆಯಬೇಡಿ, ಎರಡು ಮೂರು ಸುತ್ತು ಉಳಿಯಲಿ. ಈಗ ಜಾಯಿಂಟ್ ಬಿಡಿಸಬೇಕು. ಅದು ಬೆಣೆಯ ಹಾಗೆ ಮೊನಚಾಗಿ ಕೂತಿದೆ, ಎಳೆದರೆ ಬರುವುದಿಲ್ಲ. ಜಾಯಿಂಟ್ ಬಿಡಿಸುವ ಪುಲ್ಲರ್ ಅನ್ನುವ ಸಾಧನ ಇದ್ದರೆ ಸುಲಭ. ಇಲ್ಲದಿದ್ದರೆ ಎರಡು ಸುತ್ತಿಗೆ. ತೋಳಿನ ಕಣ್ಣಿನ ಒಂದು ಪಕ್ಕಕ್ಕೆ ದೊಡ್ಡ ಸುತ್ತಿಗೆ ಆನಿಸಿ ಹಿಡಿದು, ಎದುರು ಪಕ್ಕಕ್ಕೆ ಇನ್ನೊಂದರಿಂದ ಚುರುಕಾಗಿ ಬಾರಿಸಿ. ಮೂರು ನಾಲ್ಕು ಏಟಿಗೆ ಟಪ್ ಅಂತ ಬಿಡುತ್ತದೆ. ಬೋಲ್ಟಿನ ತುದಿಗೆ ಹೊಡೆಯುವವರಿದ್ದಾರೆ. ಬೋಲ್ಟಿನ ಥ್ರೆಡ್ ಚಪ್ಪಟೆಯಾಗಿ ನಟ್ ಹೊರಗೆ ಬರುವುದೇ ಇಲ್ಲ, ಹತ್ತಿರದ ರಬ್ಬರ್ ಬೂಟಿಗೂ ಏಟು.

ಇನ್ನು ಎಂಡನ್ನು ರಾಡಿನಿಂದ ತಿರುಗಿಸಿ ತೆಗೆಯಿರಿ. ಎಷ್ಟು ಸುತ್ತು ಅಂತ ಎಣಿಸಿ ಗೋಡೆ ಮೇಲೆ ಬರೆದಿಡಿ. ನಾನು ಒಮ್ಮೆ ಮನಸ್ಸಿನಲ್ಲಿ ಎಣಿಸುತ್ತಿದ್ದಾಗ ಫೋನ್ ಬಂತು, ಹದಿಮೂರೋ ಹದಿನಾರೋ ಮರೆತೇಹೋಯಿತು.

ಹೊಸದನ್ನು ಅಷ್ಟೇ ಸುತ್ತು ಹಾಕಿ. ಮೊನಚಾದ ಜಾಗಕ್ಕೆ ಗ್ರೀಸ್ ಹಚ್ಚಬೇಡಿ. ಒಣಗಿ ಶುದ್ಧವಾಗಿರಬೇಕು, ಆ ಹಿಡಿತದಿಂದಲೇ ಅದು ನಿಲ್ಲುವುದು. ನಟ್ ಅನ್ನು ಪುಸ್ತಕದ ಅಳತೆಗೆ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ಸ್ಪ್ಲಿಟ್ ಪಿನ್ನಿನ ತೂತು ಹೊಂದದಿದ್ದರೆ ಇನ್ನೂ ಸ್ವಲ್ಪ ಬಿಗಿದು ಹೊಂದಿಸಿ. ಹಿಂದಕ್ಕೆ ಸಡಿಲಿಸಿ ಹೊಂದಿಸಬಾರದು. ಪಿನ್ ಹೊಸದೇ ಹಾಕಿ, ಹಳೆಯದನ್ನು ನೆಟ್ಟಗೆ ಮಾಡಿ ಹಾಕುವುದು ಬೇಡ. ಕೊನೆಗೆ ಲಾಕ್ ನಟ್ ಬಿಗಿಯಿರಿ. ಬಿಗಿಯುವಾಗ ಎಂಡ್ ವಾರೆಯಾಗದ ಹಾಗೆ ಇನ್ನೊಂದು ಸ್ಪ್ಯಾನರ್‌ನಿಂದ ಹಿಡಿದುಕೊಳ್ಳಿ.

ಉಳಿದವು

ಲೋವರ್ ಆರ್ಮ್ ಅಥವಾ ಬುಷ್ ಗ್ಯಾರೇಜಿನಲ್ಲೇ ಹಾಕಿಸಿ, ಒತ್ತಿ ಕೂರಿಸಲು ಪ್ರೆಸ್ ಬೇಕು. ನೀವು ಹತ್ತಿರ ನಿಂತು ಒಂದೇ ಒಂದು ಮಾತು ಹೇಳಿ. "ಅಣ್ಣಾ, ಬುಷ್ ಬೋಲ್ಟ್ ಕೊನೆ ಟೈಟ್ ಕಾರು ಇಳಿಸಿದ ಮೇಲೆ ಕೊಡಿ." ಚಕ್ರ ನೇತಾಡುತ್ತಿರುವಾಗಲೇ ಬಿಗಿದರೆ ಕಾರು ಇಳಿದ ಮೇಲೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ. ಬೇಗ ಹರಿಯುತ್ತದೆ. ವೀಲ್ ಬೇರಿಂಗ್ ಕೂಡ ಪ್ರೆಸ್ ಕೆಲಸವೇ.

ರ್ಯಾಕ್ ವಿಷಯಕ್ಕೆ ಬಂದರೆ, ಅದು ನಿಜವಾಗಿಯೂ ಸವೆಯುತ್ತದೆ. ಬಲಗಡೆ ಸ್ಟೇರಿಂಗ್ ಇರುವ ನಮ್ಮ ಕಾರುಗಳಲ್ಲಿ ಪಿನಿಯನ್, ಅಂದರೆ ರ್ಯಾಕನ್ನು ತಳ್ಳುವ ಸಣ್ಣ ಹಲ್ಲುಚಕ್ರ, ಬಲಕ್ಕಿದೆ. ಎಡ ತುದಿಯಲ್ಲಿ ರ್ಯಾಕನ್ನು ಹಿಡಿಯುವುದು ಒಂದು ಬುಷ್. ಕೆಟ್ಟ ರಸ್ತೆಯಲ್ಲಿ ಎಡಗಡೆಯಿಂದ ಕಟಕಟ ಸದ್ದು ಬಂದು, ರ್ಯಾಕ್ ಮೇಲೆ ಕೆಳಗೆ ಆಡಿದರೆ ಆ ಬುಷ್ ಒಂದನ್ನೇ ಹಾಕಿಸಬಹುದಾ ಅಂತ ಮೊದಲು ಕೇಳಿ.

ರ್ಯಾಕಿನ ಹಿಂದೆ ಪಿನಿಯನ್ ಹತ್ತಿರ ಒಂದು ಅಡ್ಜಸ್ಟಿಂಗ್ ಸ್ಕ್ರೂ ಇರುತ್ತದೆ. "ಅದನ್ನು ಸ್ವಲ್ಪ ಟೈಟ್ ಮಾಡಿದ್ರೆ ಸಾಕು" ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಹುಷಾರು. ರ್ಯಾಕ್ ಜಾಸ್ತಿ ಸವೆಯುವುದು ನಡುವಿನಲ್ಲಿ, ನೇರ ಓಡುವಾಗ ಬಳಕೆಯಾಗುವ ಜಾಗದಲ್ಲಿ. ನಡುವಿನ ಆಟ ಹೋಗುವ ತನಕ ಬಿಗಿದರೆ ಪೂರ್ತಿ ತಿರುಗಿಸಿದಾಗ ಬಿಗಿಯಾಗುತ್ತದೆ. ಹೇರ್‌ಪಿನ್ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ಹಿಂದೆ ಬರುವುದಿಲ್ಲ. ಲೂಸ್ ಸ್ಟೇರಿಂಗಿಗಿಂತ ಅದು ಅಪಾಯ. ಬಿಗಿಯಲೇಬೇಕಾದರೆ ಆ ಕಾರಿನ ಪುಸ್ತಕ ನೋಡಿ ಮಾಡುವವರ ಕೈಯಲ್ಲಿ, ಆಮೇಲೆ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ.

ಏರ್‌ಬ್ಯಾಗ್ ಇರುವ ಕಾರಿನಲ್ಲಿ ರ್ಯಾಕ್ ಅಥವಾ ಸ್ಟೇರಿಂಗ್ ಕಂಬಿ ಬಿಚ್ಚಿದಾಗ ಮೇಲಿನ ಸ್ಟೇರಿಂಗ್ ಸುಮ್ಮನೆ ಸುತ್ತಬಾರದು. ಒಳಗಿನ ಸುರುಳಿ ಕೇಬಲ್ ಹರಿದುಹೋಗುತ್ತದೆ. ಸೀಟ್ ಬೆಲ್ಟ್ ಅಥವಾ ಹಗ್ಗದಿಂದ ಸ್ಟೇರಿಂಗ್ ಕಟ್ಟಿಸಿ.

ಅಲೈನ್‌ಮೆಂಟ್

ಟೈ ರಾಡ್, ಆರ್ಮ್, ರ್ಯಾಕ್, ಯಾವುದನ್ನು ಮುಟ್ಟಿದರೂ ಅಲೈನ್‌ಮೆಂಟ್ ಆಗಲೇಬೇಕು. ಸುತ್ತು ಎಣಿಸಿ ಹಾಕಿದ್ದು ಅಂಗಡಿ ತಲುಪುವ ತನಕ ಮಾತ್ರ. ಹೊರಡುವ ಮುಂಚೆ ಮನೆಯಲ್ಲೇ ಒಂದು ಲೆಕ್ಕ ನೋಡಿ. ಎರಡೂ ಮುಂಚಕ್ರಗಳ ಹಿಂಬದಿಯಲ್ಲಿ, ಒಂದೇ ಎತ್ತರದಲ್ಲಿ, ಟಯರಿನ ನಡುಗೆರೆಗೆ ಸೀಮೆಸುಣ್ಣದ ಗುರುತು ಹಾಕಿ. ಎರಡರ ನಡುವಿನ ದೂರ ಟೇಪ್‌ನಿಂದ ಅಳೆಯಿರಿ. ಗುರುತು ಮುಂಬದಿಗೆ ಅದೇ ಎತ್ತರಕ್ಕೆ ಬರುವ ತನಕ ಕಾರನ್ನು ಮುಂದಕ್ಕೆ ತಳ್ಳಿ ಮತ್ತೆ ಅಳೆಯಿರಿ. ವ್ಯತ್ಯಾಸ ಕೆಲವೇ ಮಿಲಿಮೀಟರ್ ಇದ್ದರೆ ನಿಧಾನಕ್ಕೆ ಓಡಿಸಿಕೊಂಡು ಹೋಗಬಹುದು.

ಅಂಗಡಿಯಲ್ಲಿ ಸ್ಟೇರಿಂಗ್ ನೇರ ನಿಲ್ಲಿಸಿ ಲಾಕ್ ಮಾಡಿದ ಮೇಲೆಯೇ ಎರಡೂ ಕಡೆ ಹೊಂದಿಸಲಿ. ಒಂದೇ ಕಡೆಯ ರಾಡ್ ತಿರುಗಿಸಿ ಮುಗಿಸಿದರೆ ನೇರ ಹೋಗುವಾಗ ಸ್ಟೇರಿಂಗ್ ವಾರೆ ನಿಲ್ಲುತ್ತದೆ. ಮುಗಿದ ಮೇಲೆ ಲಾಕ್ ನಟ್ ಬಿಗಿದರಾ ಅಂತ ಕೇಳಿ, ಆಮೇಲೆ ನೀವೇ ಬಗ್ಗಿ ನೋಡಿ.

ಮೊದಲ ಓಟ ಘಾಟಿಯಲ್ಲಿ ಬೇಡ. ಖಾಲಿ ನೇರ ರಸ್ತೆಯಲ್ಲಿ ನಲವತ್ತರಲ್ಲಿ ಹೋಗಿ, ಸ್ಟೇರಿಂಗ್ ಹಿಡಿತ ಹಗುರ ಮಾಡಿ ನೋಡಿ. ಬ್ರೇಕ್ ಹಿಡಿದು ನೋಡಿ. ಎರಡೂ ಕಡೆ ತಿರುಗಿಸಿ ತಾನಾಗಿ ಹಿಂದೆ ಬರುತ್ತದಾ ನೋಡಿ. ಮನೆಗೆ ಬಂದು ದಾರ ಮತ್ತು ಸ್ಕೇಲಿನಿಂದ ಮತ್ತೆ ಅಳೆದು ಮೊದಲಿನ ಅಂಕಿಯ ಪಕ್ಕ ಬರೆದಿಡಿ. ನೂರು ಕಿಲೋಮೀಟರ್ ಓಡಿದ ಮೇಲೆ ವೀಲ್ ನಟ್, ಲಾಕ್ ನಟ್, ಸ್ಪ್ಲಿಟ್ ಪಿನ್ ಮೂರನ್ನೂ ಮುಟ್ಟಿ ನೋಡಿ.

ಆಮೇಲೆ ವರ್ಷಕ್ಕೊಮ್ಮೆ. ಆಯುಧಪೂಜೆಗೆ ಕಾರು ತೊಳೆದೇ ತೊಳೆಯುತ್ತೀರಿ. ಹೂ ಕಟ್ಟುವ ಮುಂಚೆ ಅಡಿಗೂ ಪೈಪ್ ಬಿಟ್ಟು ಕೆಸರು ತೆಗೆದು, ನಾಲ್ಕೂ ರಬ್ಬರ್ ಬೂಟ್‌ಗಳನ್ನು ಬೆರಳಿನಿಂದ ಸವರಿ ನೋಡಿ. ರ್ಯಾಕಿನವು ಎರಡು, ಟೈ ರಾಡ್ ಎಂಡಿನವು ಎರಡು.